ಆ ‘ಎಚ್’ ನಮ್ಮ ಮಹಾಪ್ರಾಣವಲ್ಲ

ಐರಿಷ್ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ನಾವು ಹೆಚ್ಚಾಗಿ ಎಡವುವುದು ಒಂದೇ ಅಕ್ಷರಕ್ಕೆ. ‘ಬಿ’ ಪಕ್ಕ ‘ಎಚ್’ ಕಂಡರೆ ಭ, ‘ಡಿ’ ಪಕ್ಕ ಕಂಡರೆ ಧ ಎಂದು ಓದಿಯೇ ನಮಗೆ ರೂಢಿ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ನುಡಿಯಾದ ಗೇಲಿಕ್‌ನಲ್ಲಿ ಅದು ವ್ಯಂಜನಕ್ಕೆ ಉಸಿರು ತುಂಬುವುದಿಲ್ಲ, ವ್ಯಂಜನವನ್ನು ಸಡಿಲಿಸುತ್ತದೆ. ಬಿಎಚ್, ಎಂಎಚ್ ಎರಡೂ ‘ವ’. ಎಸ್‌ಎಚ್, ಟಿಎಚ್ ಬರೀ ‘ಹ’. ಎಫ್‌ಎಚ್‌ಗೆ ಸಾಮಾನ್ಯವಾಗಿ ಸದ್ದೇ ಇಲ್ಲ. ಐರ್ಲೆಂಡಿನ ಹಳೆಯ ಗೇಲಿಕ್ ಅಚ್ಚಿನಲ್ಲಿ ಈ ಸಡಿಲಿಕೆಯ ಗುರುತಾಗಿ ಅಕ್ಷರದ ನೆತ್ತಿಯ ಮೇಲೊಂದು ಚುಕ್ಕೆ ಇಡುತ್ತಿದ್ದರು. 20ನೇ ಶತಮಾನದಲ್ಲಿ ರೋಮನ್ ಅಚ್ಚಿಗೆ ಹೊರಳಿದಾಗ ಅದರ ಜಾಗದಲ್ಲಿ ‘ಎಚ್’ ಕೂತಿತು. ಚುಕ್ಕೆಯೇ ಉಳಿದಿದ್ದರೆ ನಮಗೆ ಈ ಗೊಂದಲ ಇರುತ್ತಿರಲಿಲ್ಲ.

ಎಸ್-ಐ-ಓ-ಬಿ-ಎಚ್-ಎ-ಎನ್ ಎಂಬ ಹೆಣ್ಣಿನ ಹೆಸರು ‘ಸಿಯೋಭಾನ್’ ಅಲ್ಲ, ಶಿವಾನ್. ಬಿಡಿಸಿ ನೋಡಿ. ಎ, ಓ, ಯು ಅಗಲ ಸ್ವರಗಳು. ಇ, ಐ ಕಿರಿದಾದವು. ವ್ಯಂಜನದ ಎರಡೂ ಮಗ್ಗುಲಲ್ಲಿ ಒಂದೇ ಜಾತಿಯ ಸ್ವರ ಇರಬೇಕೆಂಬುದು ಕಾಗುಣಿತದ ನಿಯಮ. ‘ಎಸ್’ ಪಕ್ಕ ‘ಐ’ ಇರುವುದರಿಂದ ಅದು ಶ. ಬಿಎಚ್‌ನ ಬಲಕ್ಕೆ ‘ಎ’ ಇದೆ, ಹಾಗಾಗಿ ಎಡಕ್ಕೂ ಅಗಲ ಸ್ವರ ಬೇಕು. ‘ಓ’ ಬಂದಿರುವುದು ಅಷ್ಟಕ್ಕೇ, ಅದನ್ನು ಉಚ್ಚರಿಸಬಾರದು. ‘ಎ’ ಮೇಲಿನ ಓರೆಗೀಟು ದೀರ್ಘದ ಗುರುತು. ಆ ಗೀಟನ್ನು ಉದಾಸೀನ ಮಾಡಿದರೆ ಅರ್ಥವೇ ಕೆಡುತ್ತದೆ: ಗೀಟಿಲ್ಲದ ‘ಫ್ಯಾರ್’ ಗಂಡಸು, ಗೀಟಿರುವ ‘ಫೇರ್’ ಹುಲ್ಲು. ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಈ ಗೀಟು ಈಗ ಎದುರು ದಿಕ್ಕಿಗೆ ವಾಲುತ್ತದೆ. ಪುಟ ಯಾವ ನಾಡಿನದೆಂದು ಗುರುತಿಸಲು ಇದೇ ಸುಲಭದ ಉಪಾಯ.

ಎನ್-ಐ-ಎ-ಎಂ-ಎಚ್ ಎಂದರೆ ನೀವ್. ಟಿ-ಎ-ಡಿ-ಎಚ್-ಜಿ ಎಂದರೆ ಟೈಗ್. ಎ-ಓ-ಐ-ಎಫ್-ಇ ಎಂದರೆ ಈಫ.

ಸ್ಕಾಟ್ಲೆಂಡಿನ ಗಂಡು ಹೆಸರು ಹೇಮಿಷ್, ಅದರ ಹುಟ್ಟು ಇನ್ನೂ ಸೊಗಸು. ಗೇಲಿಕ್‌ನಲ್ಲಿ ಹೆಸರು ಹಿಡಿದು ಕರೆಯುವಾಗ ಮೊದಲ ವ್ಯಂಜನ ಸಡಿಲವಾಗುತ್ತದೆ. ಶೇಮಸ್‌ನನ್ನು ಕರೆದರೆ ಶ ಹೋಗಿ ಹ ಬರುತ್ತದೆ; ಆ ಸಂಬೋಧನೆಯೇ ಇಂಗ್ಲಿಷಿನವರ ಕಿವಿಗೆ ಬಿದ್ದು ಹೇಮಿಷ್ ಎಂಬ ಬೇರೆ ಹೆಸರಾಯಿತು.

ಇನ್ನೊಂದು ಬದಲಾವಣೆ ನಮಗೆ ಪರಕೀಯವೇ ಅಲ್ಲ. ಮಳೆ, ಕಾಲ ಸೇರಿ ಮಳೆಗಾಲ ಆಗುವಂತೆ, ಅಲ್ಲಿಯೂ ಕೆಲವು ಪದಗಳ ನಂತರ ಬರುವ ಪದದ ಮೊದಲಲ್ಲಿ ಕ, ತ, ಪ ಇದ್ದದ್ದು ಗ, ದ, ಬ ಆಗುತ್ತದೆ. ಕಾರ್ಕ್ ನಗರ ಐರಿಷ್‌ನಲ್ಲಿ ‘ಕೊರ್ಕಿಗ್’. ‘ಕಾರ್ಕ್‌ನಲ್ಲಿ’ ಎನ್ನಲು ‘ಇ ಗೊರ್ಕಿಗ್’. ನಾವು ಹಳೆಯ ಅಕ್ಷರವನ್ನು ಅಳಿಸಿಬಿಡುತ್ತೇವೆ, ಅವರು ಅದನ್ನು ಉಳಿಸಿಕೊಂಡೇ ಮುಂದೆ ಸಣ್ಣ ‘ಜಿ’ ಅಂಟಿಸುತ್ತಾರೆ. ಓದುವಾಗ ‘ಜಿ’ ಮಾತ್ರ. ನಿಘಂಟಿನಲ್ಲಿ ಹುಡುಕುವಾಗ ಅದನ್ನು ಬಿಟ್ಟು ‘ಸಿ’ ಅಡಿಯಲ್ಲಿ ನೋಡಬೇಕು.

ಬರವಣಿಗೆಯಲ್ಲಿ ಕಾಣದ ಸ್ವರವೂ ಒಂದಿದೆ. ಸ್ಕಾಟ್ಲೆಂಡಿನ ಗೇಲಿಕ್ ಹೆಸರನ್ನು ‘ಆಲ್ಬ’ ಎಂದು ಬರೆದು ‘ಆಲಪ’ ಎನ್ನುತ್ತಾರೆ. ನೀಲಿ ಬಣ್ಣದ ‘ಗೊರ್ಮ್’ ಐರಿಷ್ ಬಾಯಲ್ಲಿ ‘ಗೊರಮ್’. ನಮ್ಮಲ್ಲಿ ಧರ್ಮ ‘ಧರುಮ’ ಆದಂತೆ. ಗೇಲಿಕ್ ವ್ಯಾಕರಣಕಾರರು ಇದಕ್ಕೆ ಬಳಸುವ ಹೆಸರು ಸಂಸ್ಕೃತದ್ದೇ: ಸ್ವರಭಕ್ತಿ.