ಚೀಟಿಯ ಮೇಲೆ ಅಜ್ಜಿಯ ಹೆಸರು

ಮೊಳಕಾಲ್ಮೂರು ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಮುರುಕು ಬೆಂಚುಗಳನ್ನು ಒಟ್ಟುತ್ತಿದ್ದ ಒಂದು ಕೋಣೆಯಿತ್ತು. ಮೇಷ್ಟ್ರು ಅದನ್ನು ಗುಡಿಸಿ, ಸುಣ್ಣ ಬಳಿದು, ಊರಿನ ಹಳೆಯ ವಸ್ತುಗಳಿಗೆಂದು ತೆಗೆದಿಟ್ಟರು. ಹಣ ಅವರದೇ ಸಂಬಳದ್ದು.

ಅವರ ಹುಚ್ಚಿಗೆ ಮೂಲ ನಮ್ಮ ತಾಲ್ಲೂಕಿನ ಬ್ರಹ್ಮಗಿರಿ ಬೆಟ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಸನ ವಿದ್ವಾಂಸ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನವನ್ನು ಗುರುತಿಸಿದ್ದು, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದ್ದು ಎಲ್ಲವನ್ನೂ ಹೇಳುತ್ತಿದ್ದರು. ಆದರೆ ಬಂಡೆಯ ಮುಂದೆ ನಿಲ್ಲಿಸಿ ಅವರು ಹೇಳಿದ್ದು ಲಿಪಿಕಾರ ಚಪಡನ ಕಥೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ, ಕೊನೆಯಲ್ಲಿ ಚಪಡ ತನ್ನ ಹೆಸರು ಹಾಕಿ, 'ಲಿಪಿಕರೇಣ' (ಲಿಪಿಕಾರನಿಂದ) ಎಂಬ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ ಬರೆದ. "ಚಕ್ರವರ್ತಿಯ ಮಾತಿನ ಕೆಳಗೆ ಬರೆದವನ ಹೆಸರೂ ಉಳಿಯಿತಲ್ಲ!" ಎನ್ನುವಾಗ ಮೇಷ್ಟ್ರ ಕಣ್ಣು ಹೊಳೆಯುತ್ತಿತ್ತು.

ನಾನು ಆಗ ಆರನೆಯ ತರಗತಿ. ಅಜ್ಜಿ ರಾಗಿಯ ವಾಡೆಯ ಪಕ್ಕ ಒಂದು ನುಣುಪಾದ ಕಪ್ಪು ಕಲ್ಲನ್ನು ಇಟ್ಟಿದ್ದಳು. ಅದು ಸಿಡಿಲುಗಲ್ಲು, ಮನೆಗೆ ಸಿಡಿಲು ಬಡಿಯದಂತೆ ಕಾಯುತ್ತದೆ ಎಂಬುದು ಅವಳ ನಂಬಿಕೆ. ಅದನ್ನು ಕದ್ದು ಮೇಷ್ಟ್ರಿಗೆ ಕೊಟ್ಟೆ. ಅವರು ಬೆರಳಿನಿಂದ ಅದರ ಅಂಚನ್ನು ಸವರಿ, ಇದು ಉಜ್ಜಿ ಮಾಡಿದ ಶಿಲಾಯುಗದ ಕೊಡಲಿ ಎಂದರು. ಸಂಜೆ ಅದನ್ನು ಹಿಡಿದು ನನ್ನ ಜೊತೆ ಮನೆಗೆ ನಡೆದರು. ಜಗಲಿಯ ಮೇಲೆ ಕುಳಿತು, ಕಲ್ಲನ್ನು ಅಜ್ಜಿಯ ಕೈಗೆ ಕೊಟ್ಟು ಕ್ಷಮೆ ಕೇಳಿದರು. ನನಗೆ ಒಂದು ಏಟೂ ಬೀಳಲಿಲ್ಲ; ಆ ಕ್ಷಮೆಯೇ ಸಾಕಾಗಿತ್ತು.

ಎರಡು ವಾರದ ನಂತರ ಅಜ್ಜಿ ತಾನೇ ಅದನ್ನು ಶಾಲೆಗೆ ಒಯ್ದಳು. ಒಂದೇ ಷರತ್ತು: "ನಮ್ಮಪ್ಪನ ಹೊಲದ ಹೆಸರನ್ನೂ ಬರೆಯಿರಿ." ಆ ಹೊಲ ಸಾಲಕ್ಕೆ ಹೋಗಿ ಎಷ್ಟೋ ವರ್ಷವಾಗಿತ್ತು. ರಟ್ಟಿನ ಚೀಟಿಯ ಮೇಲೆ ನೀಲಿ ಮಸಿಯಲ್ಲಿ ಮೇಷ್ಟ್ರು ಬರೆದರು: ಸಿಕ್ಕಿದ್ದು ಹುಣಸೇಮರದ ಹೊಲ, ಕೊಟ್ಟವರು ಎಂದು ಅಜ್ಜಿಯ ಪೂರ್ತಿ ಹೆಸರು. ನಮ್ಮ ಮನೆಯಲ್ಲಿ ಪಡಿತರ ಚೀಟಿ ಬಿಟ್ಟರೆ ಅವಳ ಹೆಸರನ್ನು ನಾನು ಬರಹದಲ್ಲಿ ಕಂಡದ್ದು ಅಲ್ಲೇ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ರಜೆಗೆ ಬಂದಾಗಲೆಲ್ಲ ಅಳಿಸುತ್ತಿರುವ ಚೀಟಿಗಳನ್ನು ಅವರ ಮಾತಿನಲ್ಲೇ ಮತ್ತೆ ಬರೆಯುತ್ತಿದ್ದೇನೆ. ಕಪ್ಪು-ಕೆಂಪು ಮಡಕೆಯ ಒಂದು ಚೂರಿನ ಚೀಟಿಯನ್ನು ಹುಳು ತಿಂದಿದೆ. 'ಕೊಟ್ಟವರು' ಎಂಬಲ್ಲಿಗೆ ನಿಂತಿದೆ. ಈ ಭಾನುವಾರ ಆ ಚೂರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೆಳಗೇರಿಯಿಂದ ಮನೆಮನೆಗೆ ಹೋಗಿ ಕೇಳಬೇಕು.