ಹಣೆಯ ಬೆವರಿಗೊಂದು ಹರನಾಳಿಗೆ

ಗದಗಿನ ಬಿಸಿಲಿನಲ್ಲಿ ಸೈಕಲ್ ತುಳಿಯುವವರು ತಲೆಗೆ ಟೊಪ್ಪಿಗೆ ಹಾಕಿಕೊಳ್ಳುತ್ತಾರೆ, ಬಾಟಲಿಯಲ್ಲಿ ನೀರು ಇಟ್ಟುಕೊಳ್ಳುತ್ತಾರೆ, ಕಣ್ಣಿನ ವಿಚಾರ ಮಾತ್ರ ಬಿಟ್ಟುಬಿಡುತ್ತಾರೆ. ಏಪ್ರಿಲ್ ಮಧ್ಯಾಹ್ನ ಮುಳಗುಂದ ನಾಕಾ ದಾಟುವಾಗ ಎಡಕ್ಕೊಂದು ಟಂಟಂ, ಬಲಕ್ಕೊಂದು ಬಸ್ಸು. ಅದೇ ಹೊತ್ತಿಗೆ ಹುಬ್ಬಿನ ಮೇಲಿಂದ ಒಂದು ಹನಿ ಬೆವರು ಕಣ್ಣಿಗಿಳಿಯಿತು ಅನ್ನಿ. ಉರಿ ಹತ್ತಿದ್ದು ಒಂದೇ ಕಣ್ಣಿಗಾದರೂ ಎರಡೂ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೈ ಹ್ಯಾಂಡಲ್ ಬಿಟ್ಟು ಮುಖಕ್ಕೆ ಹೋಗುತ್ತದೆ. ಅಷ್ಟು ಹೊತ್ತು ಸೈಕಲ್ಲು ಯಾರ ಕೈಯಲ್ಲೂ ಇರುವುದಿಲ್ಲ. ಹಾಗಾಗಿ ಇದು ನನಗೆ ಸಣ್ಣ ವಿಷಯವಲ್ಲ.

ನಾನು ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ತುಂಬಿಸಿಕೊಳ್ಳುವವನು. ಬೆಟಗೇರಿಯಿಂದ ಹೊರಟು ಟಾಂಗಾಕೂಟ, ಗ್ರೇನ್ ಮಾರ್ಕೆಟ್, ಸ್ಟೇಶನ್ ರೋಡ್ ಅಂತ ಅಂಗಡಿಯಿಂದ ಅಂಗಡಿಗೆ ಸೈಕಲ್ ಮೇಲೆಯೇ ತಿರುಗುತ್ತೇನೆ. ಭಾನುವಾರ ಬೇಕಂತಲೇ ದೂರ ಹೋಗುತ್ತೇನೆ, ಲಕ್ಕುಂಡಿ ಇಲ್ಲವೇ ಡಂಬಳದ ಕಡೆಗೆ. ಈ ಎರಡು ತರದ ಸವಾರಿಯಲ್ಲಿ ಬೆವರು ಎರಡು ತರ ನಡೆದುಕೊಳ್ಳುತ್ತದೆ. ಅದನ್ನು ಗಮನಿಸಿದ ಮೇಲೆ ಉಪಾಯಗಳು ಒಂದೊಂದಾಗಿ ಹೊಳೆದವು.

ಸೈಕಲ್ ಓಡುತ್ತಿರುವಾಗ ಬೆವರು ಅಷ್ಟು ಕಾಡುವುದಿಲ್ಲ. ಎದುರಿನ ಗಾಳಿ ಅದನ್ನು ಹಣೆಯ ಮೇಲೆಯೇ ಆರಿಸಿಬಿಡುತ್ತದೆ. ಕಾಟ ಶುರುವಾಗುವುದು ಅಂಗಡಿ ಮುಂದೆ ಕಾಲು ಊರಿದಾಗ. ಗಾಳಿ ನಿಂತಿರುತ್ತದೆ, ಮೈಯ ಕಾವು ಮಾತ್ರ ಇಳಿದಿರುವುದಿಲ್ಲ, ಬೆವರಿನ ಗ್ರಂಥಿಗಳು ಇನ್ನೂ ಕೆಲವು ನಿಮಿಷ ಅದೇ ಜೋರಿನಲ್ಲಿ ಕೆಲಸ ಮಾಡುತ್ತಿರುತ್ತವೆ. ಇಡೀ ಮೈಯಲ್ಲಿ ಇಂಥ ಗ್ರಂಥಿಗಳು 20ರಿಂದ 40 ಲಕ್ಷ ಇರುತ್ತವೆ, ಹಣೆಯಲ್ಲಿ ಅವು ದಟ್ಟವಾಗಿವೆ. ಆರದ ನೀರು ಹನಿಗೂಡಿ ಕೆಳಗಿಳಿಯುತ್ತದೆ. ನಾನು ಬಗ್ಗಿ ಮಷೀನಿನಲ್ಲಿ ಖಾತೆ ನಂಬರು ಒತ್ತುವಾಗಲೇ ಅದು ಹುಬ್ಬು ದಾಟುವುದು. ಸ್ಟೇಶನ್ ರೋಡಿನ ಬಳೆ ಅಂಗಡಿಯ ಅವ್ವಾರು ಇದನ್ನು ಕಂಡುಕೊಂಡವರು. ನಾನು ಹೋದ ಕೂಡಲೇ, "ಅಣ್ಣಾರ, ಮೊದ್ಲ ಫ್ಯಾನಿನ ಕೆಳಗ ನಿಂದರ್ರಿ, ಆಮ್ಯಾಲೆ ಮಷೀನು ತಗೀರಿ," ಅನ್ನುತ್ತಾರೆ. ಅವರ ಮಾತು ಖರೆ. ನಿಂತ ಮೇಲೆ ಮೊದಲು ಗಾಳಿ ಬೇಕು. ಫ್ಯಾನು ಇಲ್ಲದ ಕಡೆ ನಾನು ನೆರಳಲ್ಲಿ ಗಾಳಿಗೆ ಮುಖ ಕೊಟ್ಟು, ತಲೆ ಎತ್ತಿ ನಿಲ್ಲುತ್ತೇನೆ. ತಲೆ ಎತ್ತಿದರೆ ಬೆವರು ಕಿವಿಯ ಕಡೆ ಸರಿಯುತ್ತದೆ, ಬಗ್ಗಿಸಿದರೆ ನೇರ ಕಣ್ಣಿಗೆ.

ಭಾನುವಾರದ್ದು ಬೇರೆ ಕತೆ. ಲಕ್ಕುಂಡಿ ನಮ್ಮೂರಿಂದ 12 ಕಿಲೋಮೀಟರು, ಮೂಡಣಕ್ಕೆ. ಮೇ ತಿಂಗಳ ಕಡೆಗೆ ಪಡುವಣ ಗಾಳಿ ಬಲಿತಿರುತ್ತದೆ. ಕಪ್ಪತಗುಡ್ಡದ ಸಾಲಿನ ಮೇಲೆ ಅಷ್ಟು ಗಾಳಿ ಫ್ಯಾನುಗಳನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಹೋಗುವಾಗ ಆ ಗಾಳಿ ಬೆನ್ನಿಗಿರುತ್ತದೆ, ಕಾಲಿಗೆ ಹಗುರ. ಆದರೆ ಲೆಕ್ಕ ಹಾಕಿ ನೋಡಿ: ಸೈಕಲ್ಲು ಗಂಟೆಗೆ 20 ಕಿಲೋಮೀಟರು ಓಡುತ್ತಿದೆ, ಬೆನ್ನ ಗಾಳಿ 15ರ ವೇಗದಲ್ಲಿದೆ ಅಂದರೆ ಮುಖಕ್ಕೆ ತಾಗುವ ಗಾಳಿ ಬರೀ 5. ರಸ್ತೆ ಹಿಂದಕ್ಕೆ ಓಡುತ್ತಿರುತ್ತದೆ, ಹಣೆ ಮಾತ್ರ ನಿಂತ ಗಾಳಿಯಲ್ಲೇ ಇದ್ದ ಹಾಗೆ ಧಾರೆ ಹರಿಸುತ್ತದೆ. ಮರಳಿ ಬರುವಾಗ ಎದುರು ಗಾಳಿ. ತೊಡೆ ಸೋಲುತ್ತವೆ, ಹಣೆ ಒಣಗಿರುತ್ತದೆ. ಒಣಗಿದ ಹಣೆಯ ಮೇಲೆ ಬೆರಳಾಡಿಸಿದರೆ ಸಣ್ಣ ರವೆಯ ಹಾಗೆ ಉಪ್ಪು ಸಿಗುತ್ತದೆ. ಕಣ್ಣು ಉರಿಯುವುದರ ಹಿಂದೆ ಈ ಒಣಗಿದ ಉಪ್ಪಿನ ಪಾಲು ದೊಡ್ಡದು ಎಂದು ನನ್ನ ಅನುಭವ.

ಬೆವರು ಉಪ್ಪು, ಅದಕ್ಕೇ ಕಣ್ಣುರಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಣ್ಣೀರೂ ಉಪ್ಪೇ. ಗ್ರಂಥಿಯಿಂದ ಆಗಷ್ಟೇ ಹೊರಬಂದ ಬೆವರಿನಲ್ಲಿ ಸಾಮಾನ್ಯವಾಗಿ ಕಣ್ಣೀರಿಗಿಂತ ಕಡಿಮೆ ಉಪ್ಪು ಇರುತ್ತದೆ. ಕಣ್ಣೀರಿನ ಹದ ಕಣ್ಣಿಗೆ ಹೊಂದಿಕೊಂಡದ್ದು, ಬೆವರು ಸ್ವಲ್ಪ ಹುಳಿ ಗುಣದ್ದು, ಅದೊಂದು ವ್ಯತ್ಯಾಸ. ಅದಕ್ಕಿಂತ ಹೆಚ್ಚಾಗಿ, ಹಣೆಯಿಂದ ಕಣ್ಣಿನವರೆಗಿನ ಆ ಎರಡು ಬೆರಳು ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಅದು ಕರಗಿಸಿಕೊಂಡು ಬರುತ್ತದೆ. ಮುಂಜಾನೆ ಒಣಗಿ ಉಳಿದ ಉಪ್ಪು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಎರಿಮಣ್ಣಿನ ಧೂಳು, ಮುಖಕ್ಕೆ ಬಳಿದ ಕ್ರೀಮು, ಎಲ್ಲವೂ ಕೂಡಿ ಕಣ್ಣಿಗೆ ಬೀಳುತ್ತವೆ. ಅದಕ್ಕೇ ಹಣೆ ತೊಳೆದುಕೊಂಡು ಹೊರಟ ದಿನ ಅದೇ ಬೆವರು ಅಷ್ಟು ಉರಿಯುವುದಿಲ್ಲ. ದಾರಿಯಲ್ಲಿ ನಳ ಕಂಡಲ್ಲೆಲ್ಲ ನಾನು ಹಣೆ, ಹುಬ್ಬು ಎರಡನ್ನೂ ಬರೀ ನೀರಿನಿಂದ ತೊಳೆಯುತ್ತೇನೆ. ಇಷ್ಟು ಮಾಡಿದರೇ ಅರ್ಧ ಉರಿ ಹೋಗುತ್ತದೆ.

ಮೈಯೂ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ದಿನಾ ಬಿಸಿಲಲ್ಲಿ ದುಡಿದರೆ ಎರಡು ವಾರದೊಳಗೆ ಮೈ ಬಿಸಿಲಿಗೆ ಪಳಗಿ, ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿನ ಉಪ್ಪು ಮಾತ್ರ ಕಡಿಮೆಯಾಗುತ್ತದೆ. ಹೋಳಿ ಹುಣ್ಣಿಮೆಯಿಂದ ಯುಗಾದಿಗೆ 15 ದಿನ. ಹೋಳಿಯ ಬಿಸಿಲಿನಲ್ಲಿ ಚುರುಗುಟ್ಟಿದ ಕಣ್ಣು ಯುಗಾದಿ ಬೇವು-ಬೆಲ್ಲದ ಹೊತ್ತಿಗೆ ಅಷ್ಟಾಗಿ ಚುರುಗುಟ್ಟುವುದಿಲ್ಲ. ಆದರೆ ನೀರಿನ ಪ್ರಮಾಣ ಏರಿರುವುದರಿಂದ ಹನಿಗಳು ಹೆಚ್ಚು. ಬಿಸಿಲಲ್ಲಿ ಜೋರು ತುಳಿದರೆ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ದೊಡ್ಡ ಮಾತಲ್ಲ. ಅದಕ್ಕೊಂದು ದಾರಿ ಮಾಡಿಕೊಡಲೇಬೇಕು.

ಬೆವರನ್ನೇ ತಡೆಯುವ ಪೌಡರು, ರೋಲಾನು ಹಣೆಗೆ ಹಚ್ಚಿಕೊಳ್ಳುವವರನ್ನು ನೋಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಕಾವನ್ನು ಹೊತ್ತೊಯ್ಯುತ್ತದೆ. ಆ ಉಪಕಾರ ಬೇಡ ಅನ್ನಬಾರದು. ಆದರೆ ಆರದೆ ತೊಟ್ಟಿಕ್ಕಿದ ಹನಿ ಮೈಯನ್ನು ತಂಪು ಮಾಡುವುದಿಲ್ಲ. ಆ ಹನಿಯನ್ನು ಹಿಡಿದು ಪಕ್ಕಕ್ಕೆ ತಿರುಗಿಸಿದರೆ ಮೈಗೆ ಯಾವ ನಷ್ಟವೂ ಇಲ್ಲ. ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಮಳೆ ನೀರು ಗೋಡೆಗೆ ಇಳಿಯದ ಹಾಗೆ ಹರನಾಳಿಗೆ ಇಟ್ಟಿರುತ್ತಾರಲ್ಲ, ಹಣೆಗೂ ಅಂಥದ್ದೇ ಒಂದು ಬೇಕು. ದೇವರು ಕೊಟ್ಟ ಹುಬ್ಬು ಆ ಕೆಲಸವನ್ನೇ ಮಾಡುತ್ತದೆ, ಧಾರೆ ಜೋರಾದಾಗ ಮಾತ್ರ ಅದಕ್ಕೆ ಸಾಕಾಗುವುದಿಲ್ಲ.

ಪೇಟೆಯಲ್ಲಿ ರಬ್ಬರಿನ ಗೆರೆ ಇರುವ ಹಣೆಪಟ್ಟಿಗಳು ಸಿಗುತ್ತವೆ. ಹೇಲೋ ಅನ್ನುವ ಕಂಪನಿಯದ್ದಕ್ಕೆ ಒಳಗೆ ಒಂದು ಹಳದಿ ಗೆರೆ ಇದೆ, ಬೆವರನ್ನು ಕಿವಿಯ ಕಡೆ ಸಾಗಿಸುತ್ತದೆ. ಉಪಾಯ ಒಳ್ಳೆಯದೇ. ನಾನು ಅದೇ ಉಪಾಯವನ್ನು ಬೆಟಗೇರಿಯ ಅರಿವೆಯಲ್ಲಿ ಮಾಡಿಸಿಕೊಂಡೆ. ನನ್ನ ಪಿಗ್ಮಿ ಗಿರಾಕಿಗಳಲ್ಲಿ ಮಗ್ಗದವರು ಇದ್ದಾರೆ. ಅವರಲ್ಲೊಬ್ಬ ಕಾಕಾ ಹತ್ತಿಯ ಒಂದು ತುಂಡು ಕೊಟ್ಟು, ನಾನು ಅದನ್ನು ಹಾಗೇ ಹಣೆಗೆ ಕಟ್ಟಿಕೊಳ್ಳಲು ಹೋದಾಗ ತಡೆದರು. "ಹೊಸಾ ಅರಿವಿ ನೀರು ಕುಡಿಯೂದಿಲ್ಲಪಾ. ಹಾಸಿನ ನೂಲಿಗೆ ಗಂಜಿ ಇರ್ತೈತಿ. ಬಿಸಿ ನೀರಾಗ ನೆನಸು, ತಿಕ್ಕಿ ಹಿಂಡು, ಮತ್ತ ನೆನಸು." ಅಲ್ಲೇ ಒಂದು ಲೋಟದಿಂದ ಬೆರಳು ಅದ್ದಿ ಬಟ್ಟೆಯ ಮೇಲೆ ಹನಿ ಬಿಟ್ಟು ತೋರಿಸಿದರು. ಹನಿ ಗುಂಡಗೆ, ಹೊಳೆಯುತ್ತಾ ನಿಂತೇ ಇತ್ತು. ಬಟ್ಟೆ ವಾಲಿಸಿದಾಗ ಒಂದು ಎಳೆಯನ್ನೂ ತೋಯಿಸದೆ ಉರುಳಿಹೋಯಿತು. ಮನೆಯಲ್ಲಿ ಮೂರ್ನಾಲ್ಕು ಸಲ ಬಿಸಿ ನೀರಲ್ಲಿ ಗಂಜಿ ಬಿಡಿಸಿ ಒಣಗಿಸಿದ ಮೇಲೆ ನಾನೂ ಹಾಗೇ ಹನಿ ಬಿಟ್ಟು ನೋಡಿದೆ. ಈ ಸಲ ಹನಿ ಮುಟ್ಟಿದ್ದೇ ತಡ ಬಟ್ಟೆಯೊಳಗೆ ಹೋಗಿ, ನೂಲಿನ ಉದ್ದಕ್ಕೆ ಹರಡಿ, ಎಂಟಾಣೆಯಷ್ಟಗಲ ಒದ್ದೆಯಾಯಿತು. ಬಟ್ಟೆಯನ್ನು ಮೆತ್ತಗೆ ಮಾಡುವ ಪರಿಮಳದ ದ್ರಾವಣ ಹಾಕಿ ಒಗೆದರೆ ಈ ಹೀರುವ ಗುಣ ಕೆಡುತ್ತದೆ. ಹಣೆಗೆ ಕಟ್ಟುವ ಬಟ್ಟೆಗೆ ಅದು ಬೇಡ.

ಟೇಲರ್ ಹತ್ತಿರ ಹೊಲಿಸಿದ್ದು ಹೀಗೆ: ಬಟ್ಟೆಯನ್ನು ಮೂರು ಪದರ ಮಡಚಿ ಮೂರು ಬೆರಳಗಲದ ಪಟ್ಟಿ. ಕೆಳ ಅಂಚಿನೊಳಗೆ ಲಂಗದ ಲಾಡಿಯಂಥ ಒಂದು ಹುರಿ ಸೇರಿಸಿ ಹೊಲಿಗೆ. ಹಿಂದೆ, ತಲೆಯ ಹಿಂಭಾಗಕ್ಕೆ ಬರುವ ಕಡೆ ಮಾತ್ರ ಇಲಾಸ್ಟಿಕ್ಕು, ಗಂಟು ಇಲ್ಲ. ಗಂಟಿದ್ದರೆ ಹೆಲ್ಮೆಟ್ ಒತ್ತಿ ತಲೆ ನೋಯುತ್ತದೆ. ಕೆಲಸ ಮಾಡುವುದು ಆ ಹುರಿ. ಪಟ್ಟಿ ತೋಯ್ದು ತುಂಬಿದ ಮೇಲೂ ಹುರಿಯ ಉಬ್ಬು ಹಣೆಗೆ ಒತ್ತಿಕೊಂಡಿರುತ್ತದೆ, ಮೇಲಿಂದ ಬಂದ ನೀರು ಅದರ ಗುಂಟ ಪಕ್ಕಕ್ಕೆ ಸರಿದು ಕಿವಿಯ ಮುಂದೆ ಇಳಿಯುತ್ತದೆ. ಇದಕ್ಕೆ ಪಟ್ಟಿಯನ್ನು ಹುಬ್ಬಿನಿಂದ ಒಂದು ಬೆರಳು ಮೇಲೆ, ನಡುವೆ ಸ್ವಲ್ಪ ಎತ್ತರ, ಎರಡೂ ತುದಿ ಇಳಿಜಾರಾಗಿ ಕಟ್ಟಬೇಕು. ಮಟ್ಟಸ ಕಟ್ಟಿದರೆ ನೀರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಡುವೆಯೇ ತುಂಬಿ ಮೂಗಿನ ಮೇಲೆ ಇಳಿಯುತ್ತದೆ. ಪಾಲಿಯೆಸ್ಟರಿನ ತೆಳ್ಳನೆ ಬಟ್ಟೆ ಬೇಗ ಆರುತ್ತದೆ, ನಿಜ. ಆದರೆ ಹೆಚ್ಚು ಹಿಡಿದಿಟ್ಟುಕೊಳ್ಳುವುದಿಲ್ಲ. ನಮ್ಮ ಬಿಸಿಲಿಗೆ ನನ್ನ ಓಟು ಹತ್ತಿಗೇ.

ಹೆಲ್ಮೆಟ್ ಹಾಕುವವರು ಹಣೆಯ ಕಡೆಯ ಸ್ಪಂಜನ್ನು ಮರೆಯಬಾರದು. ಅದು ಬೆವರು ಕುಡಿಯುತ್ತಾ ಹೋಗಿ ಒಂದು ಹಂತದಲ್ಲಿ ಒಮ್ಮೆಲೇ ಬಿಟ್ಟುಬಿಡುತ್ತದೆ, ಅದೂ ಬಹಳ ಸಲ ಏರಿನಲ್ಲಿ. ಸವಾರಿ ನಿಧಾನ, ಗಾಳಿ ಇಲ್ಲ, ಎರಡೂ ಕೈ ಹ್ಯಾಂಡಲ್ ಮೇಲೆ. ಆ ಗಳಿಗೆಗೆ ಕಾಯದೆ, ಸಪಾಟು ರಸ್ತೆಯಲ್ಲಿ ಮುಂದೆ ಹಿಂದೆ ಯಾರೂ ಇಲ್ಲದಾಗ ಗದ್ದ ಎದೆಗೆ ತಂದು ಅಂಗೈಯಿಂದ ಹೆಲ್ಮೆಟ್ಟಿನ ಮುಂಭಾಗ ಒತ್ತಿ. ನೀರು ಮೂಗಿನ ಮುಂದೆ ಸುರಿದುಹೋಗುತ್ತದೆ, ಕಣ್ಣಿಗೆ ತಾಗುವುದಿಲ್ಲ. ಏರಿಗೆ ಮುಂಚೆ ಒಮ್ಮೆ, ನಿಲ್ಲುವುದಕ್ಕೆ ಮುಂಚೆ ಒಮ್ಮೆ. ರಾತ್ರಿ ಆ ಸ್ಪಂಜು, ಪಟ್ಟಿ, ಟೊಪ್ಪಿಗೆಯ ಅಂಚು ಎಲ್ಲವನ್ನೂ ನೀರಲ್ಲಿ ಹಿಂಡಿ ಒಣಹಾಕುವುದು ಕಡ್ಡಾಯ. ಕಪ್ಪು ಪಟ್ಟಿಯಾದರೆ ಬೆಳ್ಳನೆ ಗೆರೆಗಳು ಕಣ್ಣಿಗೇ ಕಾಣುತ್ತವೆ. ತೊಳೆಯದಿದ್ದರೆ ಮರುದಿನದ ಮೊದಲ ಬೆವರು ನಿನ್ನೆಯ ಉಪ್ಪನ್ನೆಲ್ಲ ಕರಗಿಸಿ ತರುತ್ತದೆ.

ಇನ್ನು ವಿಭೂತಿ. ದಿನಾ ಮುಂಜಾನೆ ಹೊರಡುವಾಗ ಅವ್ವ ವಿಭೂತಿಗಟ್ಟಿ ಹಿಡಿದು ನಿಂತಿರುತ್ತಾಳೆ, ಬೇಡ ಅನ್ನುವ ಪ್ರಶ್ನೆಯೇ ಇಲ್ಲ. ಬೆವರಿನ ಕೂಡ ಕಣ್ಣಿಗಿಳಿದರೆ ಕಿರಕಿರಿ ಬಹಳ ಅಂತ ಹೇಳಿದಾಗ ಅವಳೇ ದಾರಿ ಹುಡುಕಿದಳು: "ತೋಳಿಗೆ, ಕೊರಳಿಗೆ ಚಂದಗೆ ಹಚ್ಕೋ, ಹಣಿಗೆ ಒಂದೆಳಿ ಸಾಕು." ಹೆಣ್ಣುಮಕ್ಕಳ ಕುಂಕುಮಕ್ಕೂ ಇದೇ ತೊಂದರೆ. ಸವಾರಿ ಹೊತ್ತಿಗೆ ಟಿಕಳಿ ಅಂಟಿಸಿಕೊಂಡು ಹೋಗುವವರು ಜಾಣರು. ತಲೆಗೆ ಎಣ್ಣೆ ಹಚ್ಚುವುದು ರಾತ್ರಿಗಿರಲಿ. ಸನ್‌ಸ್ಕ್ರೀನ್ ಹಚ್ಚುವವರು ಹುಬ್ಬಿನ ಮೇಲಿನ ಭಾಗಕ್ಕೆ ಜಿಂಕ್ ಆಕ್ಸೈಡ್ ಇರುವ ಗಟ್ಟಿ ಕಡ್ಡಿ ಬಳಸಿದರೆ ಬೆವರಿನೊಂದಿಗೆ ಹರಿಯುವುದು ಕಡಿಮೆ, ಉರಿಯೂ ಕಡಿಮೆ. ಪಟ್ಟಿ ಕಟ್ಟುವುದು ಆಗದವರು ಹುಬ್ಬಿನ ಮೇಲೆ ವ್ಯಾಸಲೀನಿನ ಒಂದು ತೆಳು ಗೆರೆ ಎಳೆದುಕೊಂಡು ಹೊರ ತುದಿಗೆ ಇಳಿಸಬಹುದು. ನೀರು ಜಿಡ್ಡನ್ನು ದಾಟದೆ ಪಕ್ಕಕ್ಕೆ ಹೋಗುತ್ತದೆ.

ಇಷ್ಟಾದರೂ ಯಾವಾಗಲಾದರೂ ಒಂದು ಹನಿ ಒಳಗೆ ಹೋಗಿಯೇ ಹೋಗುತ್ತದೆ. ಆಗ ಉಜ್ಜಬೇಡಿ. ಕೈಯಲ್ಲಿ ಧೂಳು, ಚೈನಿನ ಎಣ್ಣೆ ಇರುತ್ತದೆ, ಪಿಗ್ಮಿಯವನ ಕೈಯಲ್ಲಿ ನೂರು ಕೈ ದಾಟಿ ಬಂದ ನೋಟಿನ ಮಣ್ಣೂ ಇರುತ್ತದೆ. ಬದಿಗೆ ನಿಲ್ಲಿಸಿ, ಪಟಪಟ ರೆಪ್ಪೆ ಬಡಿಯಿರಿ, ಕಣ್ಣೀರೇ ತೊಳೆಯುತ್ತದೆ. ಸಾಲದಿದ್ದರೆ ತಲೆ ಓರೆ ಮಾಡಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ ಶುದ್ಧ ನೀರು ಬಿಡಿ. ಇದಕ್ಕಾಗಿಯೇ ನಾನು ಎರಡು ಬಾಟಲಿ ಒಯ್ಯುತ್ತೇನೆ. ಒಂದರಲ್ಲಿ ಓಆರ್‌ಎಸ್ಸೋ, ಲಿಂಬೆಹಣ್ಣಿನ ಪಾನಕವೋ ಇರುತ್ತದೆ, ಅದು ಕುಡಿಯುವುದಕ್ಕೆ. ಇನ್ನೊಂದರಲ್ಲಿ ಕಾಯಿಸಿ ಆರಿಸಿದ ಬರೀ ನೀರು. ಗಡಿಬಿಡಿಯಲ್ಲಿ ಅದಲುಬದಲಾಗದ ಹಾಗೆ ಬರೀ ನೀರಿನ ಬಾಟಲಿಗೆ ಕೆಂಪು ದಾರ ಸುತ್ತಿದ್ದೇನೆ, ಅರ್ಧ ಮುಚ್ಚಿದ ಕಣ್ಣಿಗೂ ಕಾಣುತ್ತದೆ. ಚಸ್ಮಾ ಇದ್ದವರು ಅದರ ಮೇಲೆ ಬಿದ್ದ ಬೆವರನ್ನು ಅಂಗಿಯ ಚುಂಗಿನಿಂದ ಒರೆಸದೆ ಇದೇ ನೀರಿನಲ್ಲಿ ತೊಳೆಯಲಿ, ಇಲ್ಲದಿದ್ದರೆ ಧೂಳು ಗಾಜನ್ನು ಗೀರುತ್ತದೆ. ತೊಳೆದ ಮೇಲೂ ಕೆಂಪು ಮರುದಿನಕ್ಕೆ ಉಳಿದರೆ, ನೋವು ಬಂದರೆ, ಬೆಳಕು ನೋಡಲಾಗದಿದ್ದರೆ ಅದು ಬೆವರಿನ ಉರಿಯಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದ ಡ್ರಾಪ್ಸ್ ಹಾಕಿಕೊಳ್ಳದೆ ಕಣ್ಣಿನ ಡಾಕ್ಟರಿಗೇ ತೋರಿಸಿ.