ಮೆಜೆಸ್ಟಿಕ್‌ನಲ್ಲಿ ಕೈ ತೋರಿಸಿ ಕೆಟ್ಟೆ

ಮೆಜೆಸ್ಟಿಕ್ ಮೆಟ್ರೊ ಸ್ಟೇಷನ್ನಿನಲ್ಲಿ ಜನರಿಗೆ ದಾರಿ ಹೇಳುವ ಕೆಲಸಕ್ಕೆ ನಾನು ನಿಂತಿದ್ದು 2017ರ ಜೂನ್‌ನಲ್ಲಿ. ನೇರಳೆ ಮಾರ್ಗದ ಸುರಂಗದಲ್ಲಿ ಹಿಂದಿನ ವರ್ಷವೇ ರೈಲು ಓಡಲು ಶುರುವಾಗಿತ್ತು. ಆ ಜೂನ್‌ನಲ್ಲಿ ಹಸಿರು ಮಾರ್ಗದ ಸುರಂಗವೂ ತೆರೆಯಿತು. ನೇರಳೆ ರೈಲು ಮೇಲಿನ ಅಂತಸ್ತಿನಲ್ಲಿ, ಹಸಿರು ಅದರ ಕೆಳಗೆ. ಲೈನ್ ಬದಲಿಸಲು ಗೇಟ್ ದಾಟಬೇಕಿಲ್ಲ, ಇಳಿದರೆ ಸಾಕು. ನನಗೆ ಇದು ಬಹಳ ಸುಲಭ ಅನ್ನಿಸಿತ್ತು.

ಒಬ್ಬ ತಾತ ಬೈಯಪ್ಪನಹಳ್ಳಿಯಿಂದ ಬಂದಿದ್ದರು. ಜಯನಗರಕ್ಕೆ ಹೋಗಬೇಕಿತ್ತು. ಗುಂಪಿನ ಜೊತೆ ಸುಮ್ನೆ ಮೇಲೆ ಹತ್ತಿಬಿಟ್ಟಿದ್ದರು. "ಗ್ರೀನ್ ಲೈನ್ ತಾತ, ಆ ಕಡೆ" ಎಂದು ಕೈ ತೋರಿಸಿದೆ. ಆ ಕಡೆ ಕೆಳಗಿಳಿಯುವ ಎಸ್ಕಲೇಟರ್ ಇತ್ತು, ಅದರ ಪಕ್ಕದಲ್ಲೇ ಹೊರಗೆ ಹೋಗುವ ಗೇಟೂ ಇತ್ತು. ಅವರು ಗೇಟಿಗೆ ಹೋಗಿ ಟೋಕನ್ ಹಾಕಿದರು. ಬಾಗಿಲು ತೆರೆಯಿತು, ಟೋಕನ್ ಒಳಗೆ ಹೋಯಿತು. ಆಚೆ ನಿಂತು, "ಏನಪ್ಪಾ, ಬಿಲ್ಲೆ ನುಂಗಿಬಿಡ್ತಲ್ಲ!" ಎಂದರು. ತಪ್ಪು ನನ್ನದೇ. ಮತ್ತೆ ಟಿಕೆಟ್ ತೆಗೆದುಕೊಂಡರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಗಮನಿಸಿದೆ. ಮೇಲಿನ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಬೋರ್ಡ್ ನೋಡಿ ನಡೆಯುವುದಿಲ್ಲ. ರೈಲ್ವೆ ಸ್ಟೇಷನ್ ಕಡೆ, ಚಿಕ್ಕಪೇಟೆ ಕಡೆ ಅಂತ ಗುರುತು ಹಿಡಿದೇ ಹೋಗುತ್ತಾರೆ. ಆ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಮೆಜೆಸ್ಟಿಕ್ ಅನ್ನೋ ಹೆಸರು ಬಂದದ್ದು ಒಂದು ಸಿನಿಮಾ ಥಿಯೇಟರಿನಿಂದ. ಕೆರೆಯೂ ಇಲ್ಲ, ಥಿಯೇಟರೂ ಇಲ್ಲ. ಸ್ಟೇಷನ್ನಿಗೆ ನಾಡಪ್ರಭು ಕೆಂಪೇಗೌಡರ ಹೆಸರಿದೆ, ಆದರೂ ಕೇಳುವುದು ಮೆಜೆಸ್ಟಿಕ್ ಅಂತಲೇ ಅಲ್ವಾ? ನೆಲದಡಿಯಲ್ಲಿ ಅಂಥ ಗುರುತು ಯಾವುದೂ ಕಾಣುವುದಿಲ್ಲ. ಬಿಸಿಲು ಯಾವ ಕಡೆ ಅನ್ನೋದೂ ತಿಳಿಯದು. ಅಲ್ಲಿ "ಆ ಕಡೆ" ಅಂದರೆ ಯಾವ ಕಡೆ?

ಜಯನಗರದ ಕಡೆ ಹೋಗುವವರಿಗೆ ಹಸಿರು ಮಾರ್ಗದ ಕೊನೆಯ ಸ್ಟೇಷನ್ ಹೆಸರು ಹೇಳಿ ನೋಡಿದೆ: "ಯಲಚೇನಹಳ್ಳಿ ರೈಲು ಹತ್ತಿ." ಅದು ಬಾಯಿಗೆ ರೂಢಿಯಾಗಿ ಕೂತಿತು. 2021ರಲ್ಲಿ ಲೈನ್ ಮುಂದೆ ಹೋಗಿ ಕೊನೆಯ ಸ್ಟೇಷನ್ ರೇಷ್ಮೆ ಸಂಸ್ಥೆ ಆಯಿತು. ನಾನಿನ್ನೂ ಯಲಚೇನಹಳ್ಳಿ ಅಂತಲೇ ಹೇಳುತ್ತಿದ್ದೆ.

ಈಗ ಮೊದಲು "ಎಲ್ಲಿ ಇಳೀಬೇಕು?" ಎಂದು ಕೇಳುತ್ತೇನೆ. "ಟೋಕನ್ ಕೈಯಲ್ಲೇ ಇರಲಿ, ಇನ್ನೂ ಕೆಳಗೆ ಇಳೀರಿ" ಎಂದು ಹೇಳುತ್ತೇನೆ. ವಯಸ್ಸಾದವರಾದರೆ ಮಾತೂ ಜಾಸ್ತಿ ಆಡುವುದಿಲ್ಲ. ನಾಲ್ಕು ಹೆಜ್ಜೆ ಜೊತೆಗೆ ನಡೆದು, ಎಸ್ಕಲೇಟರ್ ಹತ್ತಿರ ಬಿಟ್ಟು ಬರುತ್ತೇನೆ.